ಕಿಡಿಗಳ ಗದ್ದಲದಲ್ಲಿ ಒಂದು ಹೆಸರು

ಬಾರೆಂಡನೂ ನಾನೂ ಮೂರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು. ಒಟ್ಟಿಗೆ ಮಲಗಿದ್ದು ಮಾತ್ರ ಒಂದು ದಿನವೂ ಇಲ್ಲ. ಅವನು ಎದ್ದುಹೋದ ಬಿಸಿಯ ಮೇಲೆ ನಾನು ಒರಗುತ್ತಿದ್ದೆ, ನಾನು ಎದ್ದ ಬಿಸಿಯ ಮೇಲೆ ಅವನು. ನಮ್ಮ ಜಲಾಂತರ್ಗಾಮಿಯಲ್ಲಿ ನಲವತ್ತು ಜನಕ್ಕೆ ಇಪ್ಪತ್ತೆರಡು ಹಾಸಿಗೆ. ದಿಂಬಿನ ಒಂದು ಮಗ್ಗುಲಲ್ಲಿ ಅವನ ಡೀಸೆಲ್ ವಾಸನೆ, ಇನ್ನೊಂದು ಮಗ್ಗುಲಲ್ಲಿ ನನ್ನ ಬ್ಯಾಟರಿ ಆಸಿಡ್ಡಿನ ವಾಸನೆ. ರಾತ್ರಿ ದೋಣಿ ನೀರಿನ ಮೇಲೆ ಓಡುವಾಗ ಅದು ಅವನ ರಾಜ್ಯ. ಹಗಲು ಮುಳುಗಿದರೆ ಡೀಸೆಲ್ಲಿಗೆ ಉಸಿರಾಡಲು ಗಾಳಿ ಇಲ್ಲ, ಆಗ ಬ್ಯಾಟರಿಯ ಕರೆಂಟಿನ ಮೇಲೆ ನಡೆಯಬೇಕು, ಆಗ ರಾಜ್ಯ ನನ್ನದು.

ಎರಡು ರಾಜ್ಯಕ್ಕೂ ನಡುವೆ ಇದ್ದದ್ದು ಒಂದೇ ಬಗೆಯ ಯಂತ್ರ. ನೀರಿನ ಮೇಲಿದ್ದಾಗ ಅವನ ಎಂಜಿನ್ ಅದನ್ನು ತಿರುಗಿಸಿದರೆ ಅದು ಡೈನಮೋ, ಬ್ಯಾಟರಿ ತುಂಬುತ್ತದೆ. ಕೆಳಗೆ ಹೋದಮೇಲೆ ಅದೇ ಯಂತ್ರ ಬ್ಯಾಟರಿಯಿಂದ ಕರೆಂಟು ತೆಗೆದುಕೊಂಡು ಮೋಟಾರಾಗಿ ದೋಣಿಯ ಹಿಂದಿನ ರೆಕ್ಕೆ ತಿರುಗಿಸುತ್ತದೆ. ಕೊಟ್ಟದ್ದನ್ನೇ ಮರಳಿ ಪಡೆಯುವ ಯಂತ್ರ. ಅಂಥವು ಎರಡಿದ್ದವು, ಎಡಕ್ಕೊಂದು, ಬಲಕ್ಕೊಂದು. ನಮ್ಮಪ್ಪನಿಗೆ ಇದನ್ನು ತೋರಿಸಿದ್ದರೆ ಭಾನುವಾರಕ್ಕೆ ಒಂದು ಉಪದೇಶವನ್ನೇ ಮಾಡಿಬಿಡುತ್ತಿದ್ದ.

ಚಾರ್ಜು ಮಾಡುವ ಹೊತ್ತಿನಲ್ಲಿ ಮಾತ್ರ ಬಾರೆಂಡನೂ ನಾನೂ ಇಬ್ಬರೂ ಎಚ್ಚರ. ಆದರೆ ಡೀಸೆಲ್ಲಿನ ಮುಂದೆ ಮಾತು ನಡೆಯುವುದಿಲ್ಲ. ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ, ಮುಷ್ಟಿ, ಎರಡು ಬೆರಳು. ಅಷ್ಟೇ ನಮ್ಮ ಭಾಷೆ. ಅವನು ಆಮ್‌ಸ್ಟರ್‌ಡ್ಯಾಮಿನ ಹಡಗುಕಟ್ಟೆಯವನು, ದೇವರ ಹೆಸರು ತೆಗೆಯುವುದು ಬೈಯುವಾಗ ಮಾತ್ರ. ಹತ್ತು ವರ್ಷ ಎಂಜಿನ್ನಿನ ಪಕ್ಕ ನಿಂತು ಕಿವಿ ಅರ್ಧ ಹೋಗಿತ್ತು. ಪಿಸುಮಾತು ಅವನಿಗೆ ಬರುತ್ತಲೇ ಇರಲಿಲ್ಲ. ಶತ್ರುವಿನ ಹಡಗು ಮೇಲೆ ಬಂದು ಸದ್ದಿಲ್ಲದೆ ಬಿದ್ದಿರಬೇಕಾದಾಗ ಅಡುಗೆಯವನು ಬಂದು, ‘ಮೊದ್ಲು ಬಾರೆಂಡನ ಬಾಯಿ ಮುಚ್ಚಿ, ಆಮೇಲೆ ಕವಾಟ ಮುಚ್ಚಿ’ ಎನ್ನುತ್ತಿದ್ದ. ಬಾರೆಂಡ್ ಆಗ ತಾನೇ ಒಂದು ಬಟ್ಟೆ ತುಂಡು ಹಲ್ಲಿಗೆ ಕಚ್ಚಿಕೊಂಡು ಮಲಗುತ್ತಿದ್ದ.

ನನ್ನನ್ನು ಅವನು ಕರೆಯುತ್ತಿದ್ದದ್ದು ‘ಪಾದ್ರಿ’ ಎಂದು. ನನ್ನ ನಿಜ ಹೆಸರು ಲೀವನ್. ಊರು ವಾಲ್ಖರೆನ್ ದ್ವೀಪದ ಮಾರೆನ್‌ಡೈಕ್. ಸಮುದ್ರದ ಕಟ್ಟೆಯ ಹಿಂದೆ, ಸಮುದ್ರಕ್ಕಿಂತ ತಗ್ಗಿನಲ್ಲಿ ಕೂತ ಊರು. ನಮ್ಮ ಮನೆಯಲ್ಲಿ ಮೂರು ಹೊತ್ತು ಊಟವಾದಮೇಲೂ ಅಪ್ಪ ತಟ್ಟೆ ಸರಿಸಿ ಸ್ತುತಿಪದ ಹೇಳುತ್ತಿದ್ದ. ಪುಸ್ತಕ ತೆರೆಯುತ್ತಿರಲಿಲ್ಲ. ನಾವು ಮಕ್ಕಳು ಕೈ ಮಡಚಿ ಕೇಳಬೇಕು, ಅಷ್ಟೆ. ನನಗೆ ಹಾಡಲು ಬರಲಿಲ್ಲ, ಕೇಳಲು ಬಂತು. ಈಗಲೂ ಗಡಿಯಾರ ಇಲ್ಲದಿದ್ದರೆ ಆ ಸ್ತುತಿಪದಗಳಲ್ಲೇ ಹೊತ್ತು ಅಳೆಯುತ್ತೇನೆ. ಅಪ್ಪ ಹೇಳುತ್ತಿದ್ದ ನಿಧಾನದಲ್ಲಿ ಹೇಳಿದರೆ ಒಂದು ನುಡಿಗೆ ಹದಿನೆಂಟು ಸೆಕೆಂಡು.

ಜರ್ಮನರು ನಮ್ಮ ಡಚ್ ನಾಡಿಗೆ ನುಗ್ಗಿದ ಸಾವಿರದ ಒಂಬೈನೂರ ನಲವತ್ತರ ಮೇ ತಿಂಗಳಲ್ಲಿ ನಾವು ದೋಣಿಯೊಂದಿಗೆ ಇಂಗ್ಲೆಂಡಿಗೆ ತಪ್ಪಿಸಿಕೊಂಡೆವು. ಅಲ್ಲಿಂದ ತಿರುಗಿ ತಿರುಗಿ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ನಮ್ಮ ಬಂದರಾಯಿತು. ನನ್ನ ಹೆಂಡತಿ ತನ್ನೆಕೆ ಮಾರೆನ್‌ಡೈಕಿನಲ್ಲೇ ಉಳಿದಳು. ಮದುವೆಯಾಗಿ ಏಳು ತಿಂಗಳಾಗಿತ್ತು. ರೆಡ್‌ಕ್ರಾಸಿನವರ ಮೂಲಕ ಇಪ್ಪತ್ತೈದು ಮಾತಿನ ಕಾಗದ ಕಳಿಸಬಹುದಿತ್ತು. ನಲವತ್ತೆರಡರ ವಸಂತದವರೆಗೆ ಅವಳಿಂದ ಎರಡು ಬಂದವು. ಹಸು ಸತ್ತಿತು, ನಿಮ್ಮಪ್ಪ ತೀರಿಕೊಂಡರು, ನಾನು ಚೆನ್ನಾಗಿದ್ದೇನೆ. ಆಮೇಲೆ ಏನೂ ಬರಲಿಲ್ಲ.

ನಲವತ್ತನಾಲ್ಕರ ಅಕ್ಟೋಬರಿನಲ್ಲಿ ಫ್ರೀಮ್ಯಾಂಟಲಿನ ಕಟ್ಟೆಯ ಮೇಲೆ ಯಾರೋ ಒಂದು ಪತ್ರಿಕೆ ಕೊಟ್ಟರು. ಜರ್ಮನರನ್ನು ಹೊರದೂಡಲು ನಮ್ಮ ಕಡೆಯ ವಿಮಾನಗಳೇ ವಾಲ್ಖರೆನ್ನಿನ ಸಮುದ್ರದ ಕಟ್ಟೆ ಒಡೆದಿದ್ದವು. ಇಡೀ ದ್ವೀಪ ಬೋಗುಣಿಯಂತೆ ತುಂಬಿತ್ತು. ಅಲೆ ದಿನಕ್ಕೆರಡು ಸಲ ಒಳಗೆ ಬಂದು ಹೊರಗೆ ಹೋಗುತ್ತದೆ ಎಂದು ಬರೆದಿತ್ತು. ಸಮುದ್ರದ ಕೆಳಗೆ ಕೂತು ಯುದ್ಧ ಮಾಡುವವನು ನಾನು. ಸಮುದ್ರ ಬಂದದ್ದು ಮನೆಯಲ್ಲಿ ಕೂತ ನನ್ನ ಹೆಂಡತಿಯ ಮೇಲೆ.

ಅದಾಗಿ ಮೂರು ವಾರಕ್ಕೆ ನಾವು ಜಪಾನಿಯರ ವಶದಲ್ಲಿದ್ದ ಜಾವಾ ಸಮುದ್ರಕ್ಕೆ ಹೊರಟೆವು.

*

ನಮ್ಮ ರೇಡಿಯೋದವನು ಎಮಿಲ್. ಸುರಬಾಯದಲ್ಲಿ ಹುಟ್ಟಿದವನು, ಅಪ್ಪ ಡಚ್ಚಿನವನು, ಅಮ್ಮನ ಕಡೆ ಜಾವಾ. ಅವನ ಅಮ್ಮ, ಇಬ್ಬರು ತಂಗಿಯರು ಜಪಾನಿಯರ ಶಿಬಿರದಲ್ಲಿದ್ದರು. ನಾವು ಎಷ್ಟೋ ಸಲ ಅವರಿಂದ ನೂರು ಮೈಲಿ ದೂರದಲ್ಲಿ ತೇಲಿದ್ದೇವೆ. ಬೆಳಗಿನ ಜಾವ ಲಂಡನ್ನಿನ ಡಚ್ ಬಾನುಲಿ ಹಿಡಿದು, ಸುದ್ದಿಯನ್ನು ಒಂದು ಹಾಳೆಯಲ್ಲಿ ಬರೆದು ಊಟದ ಮೇಜಿನ ಮೇಲೆ ಅಂಟಿಸುವುದು ಅವನ ಕೆಲಸ. ಒಂದು ಬೆಳಿಗ್ಗೆ ಅವನು ಬ್ಯಾಟರಿ ಕೋಣೆಯ ಬಾಗಿಲಿಗೆ ಬಂದು ಕುಕ್ಕರಗಾಲಲ್ಲಿ ಕೂತ.

‘ಲೀವನ್, ನಾಳೆ ನಿಮ್ ದ್ವೀಪದ್ದು ಓದ್ತಾರಂತೆ. ಊರೂರಿನದು. ನೀರಿಂದ ಯಾರ್ಯಾರ್ನ ದಾಟಿಸಿದಾರೋ ಅವರ ಹೆಸರು.’

‘ಎಷ್ಟೊತ್ತಿಗೆ?’

‘ನಾಲ್ಕೂ ಕಾಲಿಂದ ನಾಲ್ಕೂವರೆ. ಆದ್ರೆ ಒಂದು ಮಾತು ಕಣೋ. ನಿನ್ ಬಲಗಡೆ ಡೈನಮೋ ಇದೆಯಲ್ಲ, ಅದು ಚಾರ್ಜು ಮಾಡ್ತಿದ್ರೆ ನನ್ ಕಿವೀಲಿ ಬಾಣಲೆಗೆ ಮೀನು ಬಿಟ್ಟಂಗೆ. ಚರಪರ ಚರಪರ. ಲಂಡನ್ನು ಪಕ್ಕದ್ ಮನೇಲಿದ್ರೂ ಕೇಳಲ್ಲ.’

ಅದು ನನಗೆ ಗೊತ್ತಿದ್ದ ರೋಗ. ಡೈನಮೋದ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳನ್ನು ಒತ್ತಾಗಿ ಜೋಡಿಸಿದ ಉರುಳೆ ಇರುತ್ತದೆ. ಅದರ ಮೈಗೆ ಇದ್ದಿಲಿನ ಬ್ರಷ್‌ಗಳು ಒತ್ತಿಕೊಂಡು ಕರೆಂಟು ಎತ್ತಿಕೊಳ್ಳುತ್ತವೆ. ಉರುಳೆ ಕನ್ನಡಿಯಂತಿದ್ದರೆ ಸದ್ದಿಲ್ಲ. ನಮ್ಮದು ನಾಲ್ಕು ವರ್ಷ ದೊಡ್ಡ ರಿಪೇರಿ ಕಾಣದೆ ಸಣ್ಣಗೆ ಏರುತಗ್ಗಾಗಿತ್ತು. ಪ್ರತಿ ಸುತ್ತಿಗೂ ಬ್ರಷ್ ಎಗರಿ ಹಸಿರು ಕಿಡಿ ಹಾರುತ್ತಿತ್ತು. ಆ ಕಿಡಿಯನ್ನು ನಾನು ಕಣ್ಣಲ್ಲಿ ನೋಡುತ್ತಿದ್ದೆ, ಎಮಿಲ್ ಕಿವಿಯಲ್ಲಿ ಕೇಳುತ್ತಿದ್ದ.

‘ಆ ಕಾಲು ಗಂಟೆ ಚಾರ್ಜು ನಿಲ್ಸಕ್ಕೆ ಆಗಲ್ವಾ?’ ಎಂದ ಎಮಿಲ್.

ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಸುಮ್ಮನೆ ಕೇಳುವುದಿಲ್ಲ. ಕೇಳಿದವನೂ ತಲೆ ತಗ್ಗಿಸಿದ್ದ.

ನಾನು ಕಮಾಂಡರ್ ಹತ್ತಿರ ಹೋದೆ. ಮೂವತ್ತೆರಡು ವರ್ಷದ ಅವರನ್ನು ಬೆನ್ನ ಹಿಂದೆ ಎಲ್ಲರೂ ‘ಮುದುಕ’ ಎನ್ನುತ್ತಿದ್ದರು. ಅವರು ನಕ್ಷೆಯಿಂದ ಮುಖ ಎತ್ತದೆ ಎಲ್ಲವನ್ನೂ ಕೇಳಿದರು.

‘ಕಾಲು ಗಂಟೆ ಚಾರ್ಜು ಅಂದ್ರೆ ಕೆಳಗೆ ಎಷ್ಟು ಹೊತ್ತು, ಲೀವನ್? ನಿಧಾನಕ್ಕೆ ಹೋದ್ರೆ?’

‘ಒಂದು ಗಂಟೆ, ಕಮಾಂಡರ್. ಸ್ವಲ್ಪ ಮೇಲೇ ಆಗ್ಬೋದು.’

‘ನಲವತ್ತು ಜನದ ಒಂದು ಗಂಟೆ.’ ಪೆನ್ಸಿಲ್ ಕೆಳಗಿಟ್ಟರು. ‘ನಿನ್ನ ಜಾಗದಲ್ಲಿ ನಾನಿದ್ರೂ ಕೇಳ್ತಿದ್ದೆ. ನನ್ನ ಜಾಗದಲ್ಲಿ ನೀನಿದ್ರೆ ಏನಂತಿದ್ದೆ?’

‘ಇಲ್ಲ ಅಂತಿದ್ದೆ, ಕಮಾಂಡರ್.’

‘ಇಲ್ಲ,’ ಎಂದರು ಅವರು. ಆಮೇಲೆ, ‘ಕಾಫಿ ಕುಡಿದು ಹೋಗು,’ ಎಂದರು. ಕುಡಿದೆ.

ಬಾರೆಂಡನಿಗೆ ಈ ವಿಷಯ ಹೇಗೋ ಮುಟ್ಟಿತ್ತು. ಹಾಸಿಗೆ ಬದಲಾಯಿಸುವ ಹೊತ್ತಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದ. ಅವನ ಪ್ರಕಾರ ಅದು ಗುಟ್ಟಿನ ಮಾತು. ಇಡೀ ಕೋಣೆಗೆ ಕೇಳಿಸಿತು.

‘ಪಾದ್ರಿಗಳೇ, ಬ್ರಷ್ಷು ಕೆಟ್ಟಿದೆ ಅಂತ ಹೇಳಿ ನಿಲ್ಸಿಬಿಡು. ಯಾವ ನನ್ ಮಗ ಬಂದು ನೋಡ್ತಾನೆ? ನನ್ ಎಂಜಿನ್ನೇ ಕೆಮ್ತು ಅಂತ ಬೇಕಾದ್ರೆ ನಾನು ಹೇಳ್ತೀನಿ. ಅದು ದಿನಾ ಕೆಮ್ಮತ್ತೆ.’

‘ಸುಳ್ಳು ಹೇಳ್ಬೇಕಾಗತ್ತಲ್ಲೋ.’

‘ನಾನು ಹೇಳ್ತೀನಲ್ಲ! ನಂಗೆ ಹೆಂಗೂ ನರಕದಲ್ಲಿ ಸೀಟು ಸಿಕ್ಕಾಗಿದೆ. ಅಲ್ಲೂ ಎಂಜಿನ್ ಕೋಣೇಲೇ ಹಾಕ್ತಾರೆ.’

ಪಕ್ಕದ ಹಾಸಿಗೆಗಳಲ್ಲಿ ನಕ್ಕರು. ನಾನೂ ನಕ್ಕೆ. ಆದರೆ ಮಲಗಿದ ಮೇಲೆ ಆ ಮಾತು ತಲೆಯೊಳಗೆ ತಿರುಗತೊಡಗಿತು. ಕಾಲು ಗಂಟೆ ನಿಲ್ಲಿಸಿದರೆ ನಿಜವಾಗಿಯೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ದೋಣಿಯಲ್ಲಿ ಎಷ್ಟು ಕರೆಂಟು ಇದೆ ಎಂದು ತಿಳಿದವನು ನಾನೊಬ್ಬನೇ. ಉಳಿದ ಮೂವತ್ತೊಂಬತ್ತು ಜನ ನಾನು ಹೇಳಿದ ಅಂಕಿಯ ಮೇಲೆ ನಂಬಿಕೆ ಇಟ್ಟು ಮುಳುಗುತ್ತಿದ್ದರು. ಇಂಥ ನಂಬಿಕೆ ಒಂಟಿತನದ ಇನ್ನೊಂದು ಹೆಸರು.

ಎದ್ದಾಗ ದಾರಿ ಹೊಳೆದಿತ್ತು. ಉರುಳೆಯನ್ನು ಸಾಣೆಕಲ್ಲು ಹಿಡಿದು ನಯ ಮಾಡುವುದುಂಟು. ಮರದ ಹಿಡಿಗೆ ಕೂರಿಸಿದ ಕಲ್ಲನ್ನು ತಿರುಗುವ ತಾಮ್ರದ ಮೈಗೆ ಒತ್ತಿ ಹಿಡಿದರೆ ಏರುತಗ್ಗು ಸವೆಯುತ್ತದೆ, ಹಿಡಿದಷ್ಟು ಹೊತ್ತು ಕಿಡಿ ಅಡಗುತ್ತದೆ. ಚಾರ್ಜು ನಡೆಯುವಾಗ ಹಿಡಿಯಬಾರದು ಎಂದು ನಿಯಮ. ಹಿಡಿಯದ ಕರೆಂಟಿನವನನ್ನು ನಾನು ಕಂಡಿಲ್ಲ. ಆದರೆ ಎರಡು ನಿಮಿಷ, ಮೂರು ನಿಮಿಷ. ಕಾಲು ಗಂಟೆ ಹಿಡಿದವರಿಲ್ಲ.

ಎಮಿಲನಿಗೆ ಹೇಳಿದೆ. ಅವನ ಮುಖ ಅರಳಿತು, ಮರುಗಳಿಗೆ ಬಾಡಿತು.

‘ನೀನೇ ಬಂದು ನನ್ ಪಕ್ಕ ಕೂತ್ಕೊಂಡು ಕೇಳ್ತೀಯ ಅಂದ್ಕೊಂಡಿದ್ದೆ. ಕಿವಿಗೆ ಹಾಕೋದು ಇನ್ನೊಂದು ಜೊತೆ ತೆಗ್ದಿಟ್ಟಿದ್ದೆ.’

‘ನಾನು ಬಂದ್ರೆ ನಿಂಗೇ ಕೇಳಲ್ಲ.’

‘ಹೌದಲ್ಲ.’ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡ. ‘ಏನು ಕೇಳ್ಸತ್ತೋ ಅದನ್ನೇ ಬರೀತೀನಿ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ.’

*

ನಾಲ್ಕೂ ಕಾಲಿಗೆ ಎರಡು ನಿಮಿಷ ಇರುವಾಗ ರಬ್ಬರಿನ ಹಾಸಿನ ಮೇಲೆ ಮಂಡಿಯೂರಿದೆ. ಎಡಗೈ ಬೆನ್ನ ಹಿಂದೆ ಸೊಂಟದ ಪಟ್ಟಿಗೆ ಸಿಕ್ಕಿಸಿದೆ. ನಮ್ಮ ಕೆಲಸದವರ ಪದ್ಧತಿ ಇದು: ಕರೆಂಟು ಇರುವಲ್ಲಿಗೆ ಒಂದೇ ಕೈ ಹೋಗಬೇಕು. ಎರಡು ಕೈ ಹೋದರೆ ಒಂದರಿಂದ ಹೊಕ್ಕು ಎದೆಯ ಮೂಲಕ ಇನ್ನೊಂದರಿಂದ ಹೊರಬೀಳುತ್ತದೆ. ಎಡಗಡೆಯ ಎಂಜಿನ್ ದೋಣಿ ಓಡಿಸುತ್ತಿತ್ತು, ಬಲಗಡೆಯದು ನನ್ನ ಡೈನಮೋ ತಿರುಗಿಸುತ್ತಿತ್ತು. ಬಾಗಿಲಾಚೆ ಬಾರೆಂಡ್ ನಿಂತಿದ್ದ. ನಾನು ಕಲ್ಲು ಎತ್ತಿದ್ದನ್ನು ನೋಡಿ ಹೆಬ್ಬೆರಳು ಮೇಲೆ ಮಾಡಿದ, ಆಮೇಲೆ ತಮಾಷೆಗೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ತಮಾಷೆಗೇ ಇರಬೇಕು.

ಕಲ್ಲು ಒತ್ತಿದೆ. ಕಿಡಿ ಮೊದಲು ಹೆಚ್ಚಾಯಿತು, ಆಮೇಲೆ ಒಂದೊಂದೇ ಬ್ರಷ್ಷಿನ ಕೆಳಗೆ ಅಡಗಿತು. ಅಂಗೈಯಲ್ಲಿ ನಡುಕ ನುಣ್ಣಗಾಯಿತು. ಈಗ ಮುಂದೆ, ಅರವತ್ತು ಹೆಜ್ಜೆ ಆಚೆ, ಎಮಿಲನ ಕಿವಿಯಲ್ಲಿ ಬಾಣಲೆ ತಣ್ಣಗಾಗಿರುತ್ತದೆ ಎಂದುಕೊಂಡೆ. ಮನಸ್ಸಿನೊಳಗೆ ಅಪ್ಪನ ಪದ ಶುರು ಮಾಡಿದೆ. ಹದಿನೈದು ನಿಮಿಷಕ್ಕೆ ಐವತ್ತು ನುಡಿ. ಊರುಗಳನ್ನು ಅಕ್ಷರದ ಸಾಲಿನಲ್ಲಿ ಓದುತ್ತಾರೆ. ಮಾರೆನ್‌ಡೈಕ್ ನಡುವಿಗೆ ಬರಬೇಕು, ಇಪ್ಪತ್ತೈದನೆಯ ನುಡಿಯ ಆಸುಪಾಸು.

ಹತ್ತನೆಯ ನುಡಿಗೆ ಮರದ ಹಿಡಿ ಬಿಸಿಯಾಯಿತು. ತಾಮ್ರದ ಹುಡಿ ಮೊಣಕೈವರೆಗೂ ಕೂತು ತುರಿಸತೊಡಗಿತು. ಇಪ್ಪತ್ತಕ್ಕೆ ಬೆರಳುಗಳು ನನ್ನವಲ್ಲ ಎನಿಸಿತು. ಇಪ್ಪತ್ತೆಂಟನೆಯ ನುಡಿಯಲ್ಲಿ ಅಂಗೈ ಸುಟ್ಟ ವಾಸನೆ ಬಂತು. ಕಲ್ಲನ್ನು ಎಡಗೈಗೆ ಬದಲಾಯಿಸಲೇಬೇಕಾಯಿತು. ಒಂದು ಕೈ ಪೂರ್ತಿ ಹೊರತೆಗೆದು ಇನ್ನೊಂದನ್ನು ಒಳಗೆ ಹಾಕಬೇಕಲ್ಲ. ಎಷ್ಟು ಬೇಗ ಮಾಡಿದರೂ ನಾಲ್ಕೈದು ಸೆಕೆಂಡು. ಆ ಹೊತ್ತಿನಲ್ಲಿ ಉರುಳೆಯ ಸುತ್ತ ಹಸಿರು ಉಂಗುರ ಹೊತ್ತಿಕೊಂಡಿತು. ಮತ್ತೆ ಒತ್ತಿದೆ, ಆರಿತು.

ನಲವತ್ತನೆಯ ನುಡಿ ಮುಗಿದಿರಲಿಲ್ಲ, ಮುಳುಗುವ ಗಂಟೆ ಹೊಡೆಯಿತು.

ಮೇಲೆ ವಿಮಾನ ಕಂಡಿತ್ತು. ಬಾರೆಂಡ್ ಎಂಜಿನ್ ನಿಲ್ಲಿಸಿ ಕವಾಟಗಳನ್ನು ಮುಚ್ಚಿ ಕ್ಲಚ್ ಬಿಡಿಸಿದ. ನಾನು ಕಲ್ಲು ಎಸೆದು ಹಿಡಿಕೆಗಳಿಗೆ ಹಾರಿದೆ. ಡೈನಮೋವನ್ನು ಬಿಡಿಸಿ, ಅದನ್ನೇ ಮೋಟಾರಾಗಿ ಬ್ಯಾಟರಿಗೆ ಜೋಡಿಸಿದೆ. ನಾಲ್ಕು ವರ್ಷದಲ್ಲಿ ಸಾವಿರ ಸಲ ಮಾಡಿದ ಕೆಲಸ, ಆರು ಸೆಕೆಂಡಿನದು. ದೋಣಿ ಮೂಗು ತಗ್ಗಿಸಿತು. ರೇಡಿಯೋದ ತಂತಿ ನೀರಿನೊಳಗೆ ಹೋಯಿತು. ಲಂಡನ್ನಿನಲ್ಲಿ ಯಾರೋ ಇನ್ನೂ ಹೆಸರು ಓದುತ್ತಿದ್ದರು, ಅದು ಯಾರಿಗೂ ಕೇಳಿಸುತ್ತಿರಲಿಲ್ಲ.

*

ಎರಡು ಬಾಂಬು ದೂರದಲ್ಲಿ ಬಿದ್ದವು. ಒಂದು ಗಂಟೆಯ ನಂತರ ಹಡಗೊಂದು ಬಂತು, ಅದು ಹೋಗಲಿಲ್ಲ. ಮೌನದ ಆಜ್ಞೆ ಹೊರಟಿತು. ಫ್ಯಾನು ನಿಂತಿತು, ಒಲೆ ಆರಿತು. ದಿಕ್ಸೂಚಿಗೂ ಕೇಳುವ ಯಂತ್ರಕ್ಕೂ ಬೇಕಾದ ಬೇರೆ ಜಾತಿಯ ಕರೆಂಟು ಮಾಡಿಕೊಡುವ ಪುಟ್ಟ ಯಂತ್ರ ಒಂದಿತ್ತು. ಸದಾ ಸೊಳ್ಳೆಯಂತೆ ಗುಂಯ್‌ಗುಟ್ಟುವ ಅದನ್ನೂ ನಿಲ್ಲಿಸಿದೆ. ಕೆಲಸವಿಲ್ಲದವರು ಮಲಗಿ ಗಾಳಿ ಉಳಿಸಬೇಕು. ಇದ್ದ ಜಾಗದಿಂದ ಯಾರೂ ಅಲುಗುವಂತಿಲ್ಲ. ಒಂದು ಮೋಟಾರು ಮಾತ್ರ ಮುದುಕಿ ರಾಟೆ ತಿರುಗಿಸಿದಂತೆ ತಿರುಗುತ್ತಿತ್ತು, ಅದರ ಮುಂದೆ ನಾನು.

ಉತ್ತರ ದೋಣಿಯೊಳಗೇ ಇತ್ತು. ಅರವತ್ತು ಹೆಜ್ಜೆ. ಎಮಿಲನ ಮೇಜಿನ ಮೇಲೆ ಒಂದು ಹಾಳೆ, ಅದರಲ್ಲಿ ತನ್ನೆಕೆಯ ಹೆಸರು ಇದೆ, ಅಥವಾ ಇಲ್ಲ. ನಾಲ್ಕೂವರೆ ವರ್ಷ ಭೂಮಿಯ ಅರ್ಧದಷ್ಟು ದೂರವನ್ನು ಸಹಿಸಿದ್ದೆ. ಆ ಅರವತ್ತು ಹೆಜ್ಜೆಯನ್ನು ಸಹಿಸಲಾಗಲಿಲ್ಲ. ಪದ ಹೇಳಿಕೊಳ್ಳಲು ನೋಡಿದೆ. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಅಪ್ಪನ ದನಿ ಎಂದೂ ಕೈಬಿಟ್ಟಿರಲಿಲ್ಲ, ಅಂದು ಕೈಬಿಟ್ಟಿತು. ಕರೆಂಟಿನ ಮುಳ್ಳನ್ನೇ ನೋಡುತ್ತ ಕೂತೆ.

ಮಧ್ಯಾಹ್ನದ ಹೊತ್ತಿಗೆ ಮುಂದಿನ ಬಾಗಿಲ ಕಡೆ ಏನೋ ಅಲುಗಿತು. ಎಮಿಲ್ ನಡೆದು ಬರುವಂತಿರಲಿಲ್ಲ. ಹಾಳೆಯನ್ನು ಮಡಚಿ ಹತ್ತಿರ ಮಲಗಿದ್ದವನ ಕೈಗೆ ಕೊಟ್ಟಿದ್ದ. ಅವನು ಮುಂದಿನವನಿಗೆ. ಹಾಸಿಗೆಯಿಂದ ಹಾಸಿಗೆಗೆ, ಕೈಯಿಂದ ಕೈಗೆ, ಅದು ದೋಣಿಯ ಉದ್ದಕ್ಕೂ ನನ್ನ ಕಡೆ ಬರುತ್ತಿತ್ತು. ಒಬ್ಬೊಬ್ಬನೂ ತೆರೆದು ಓದಿದ. ಓದದೆ ಹೇಗೆ ಇರುತ್ತಾರೆ? ಸುದ್ದಿ ಹಾಳೆ ಎಲ್ಲರದೂ ತಾನೇ. ಓದಿದವನು ಒಮ್ಮೆ ನನ್ನತ್ತ ನೋಡಿ ಬೇಗ ಕಣ್ಣು ತೆಗೆಯುತ್ತಿದ್ದ. ನಾಲ್ಕನೆಯವನೂ ಹಾಗೇ ಮಾಡಿದಾಗ ತನ್ನೆಕೆ ಸತ್ತಿದ್ದಾಳೆ ಎಂದುಕೊಂಡೆ.

ಕೊನೆಯ ಕೈ ಬಾರೆಂಡನದು. ಅವನು ಓದಿದ, ಹಲ್ಲಿನ ನಡುವೆ ಬಟ್ಟೆ ಹಾಗೇ ಇತ್ತು. ಹೊಟ್ಟೆಯ ಮೇಲೆ ತೆವಳಿ ಬಂದು ಹಾಳೆ ಕೊಟ್ಟ.

ಎಮಿಲನ ಗುಂಡು ಅಕ್ಷರ. ‘ಮಾರೆನ್‌ಡೈಕ್. ದಾಟಿಸಿ ಮಿಡಲ್‌ಬರ್ಗಿಗೆ ತಂದವರು.’ ಕೆಳಗೆ ಹನ್ನೊಂದು ಹೆಸರು. ಏಳನೆಯದು: ‘ತನ್ನೆಕೆ ಗಾಬ್ರಿಯೆಲ್ಸೆ, 27. ಜೊತೆಗೆ ಮಗು, 2.’

ಬದುಕಿದ್ದಾಳೆ. ಮೊದಲು ಕಂಡದ್ದು ಅದೊಂದೇ. ಕಣ್ಣು ಮಂಜಾಯಿತು, ಕಾಗದ ತುಟಿಗೆ ಒತ್ತಿಕೊಂಡೆ. ಆಮೇಲೆ ಉಳಿದ ಅಂಕಿಯೂ ಕಂಡಿತು.

ಎರಡು. ನಾನು ಊರು ಬಿಟ್ಟು ನಾಲ್ಕೂವರೆ ವರ್ಷ. ಲೆಕ್ಕ ಮಾಡಲು ಕರೆಂಟಿನವನೇ ಆಗಬೇಕಿಲ್ಲ. ಇಡೀ ದೋಣಿ ಮಾಡಿ ಮುಗಿಸಿತ್ತು. ನನಗಿಂತ ಮೊದಲು ನನ್ನ ಮನೆಯ ಒಳಗೆ ಹದಿನೈದು ಜನ ಹೊಕ್ಕು ಬಂದಿದ್ದರು.

ಬಾರೆಂಡ್ ಹೋಗಲಿಲ್ಲ. ಮಾತಾಡಿದರೆ ಮೇಲಿನ ಹಡಗಿಗೂ ಕೇಳಿಸೀತು ಎಂದು ಅವನಿಗೆ ಗೊತ್ತಿತ್ತು. ಎಣ್ಣೆಯ ಬೆರಳಿನಿಂದ ನೆಲದ ಉಕ್ಕಿನ ಮೇಲೆ ಬರೆದ: ‘ಪಕ್ಕದ ಮನೇದು?’

ನೀರು ಬಂದಾಗ ಯಾರದೋ ಮಗುವನ್ನು ಯಾರೋ ಎತ್ತಿಕೊಂಡಿರಬಹುದು. ನಿಜ, ಇರಬಹುದು. ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೇ ತಿಳಿಯದು. ಹತ್ತಿಯ ಚಿಂದಿಯಿಂದ ಆ ಅಕ್ಷರ ಒರೆಸಿದೆ. ಅವನು ಮತ್ತೆ ಬೆರಳಿಟ್ಟ, ಏನೂ ತೋಚದೆ ತೆಗೆದ. ಜಿಡ್ಡು ಕೈಯನ್ನು ನನ್ನ ಭುಜದ ಮೇಲಿಟ್ಟು ಪಕ್ಕದಲ್ಲೇ ಮಲಗಿಬಿಟ್ಟ.

ಆ ಮಧ್ಯಾಹ್ನ ನನ್ನೊಳಗೆ ಬಂದು ಹೋದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಪ್ಪ ಇದ್ದಿದ್ದರೆ ಈ ಪಾಪಕ್ಕೆ ಇರುವ ಹೆಸರನ್ನು ಊಟದ ಮೇಜಿನಲ್ಲೇ ಹೇಳುತ್ತಿದ್ದ. ನಾನೂ ಹೇಳಿದೆ. ಅವಳನ್ನು ನೆನೆಯುವ ಒಂದೇ ಒಂದು ಜಾಗ ನನಗಿತ್ತು, ಅಲ್ಲಿ ಇನ್ನೊಬ್ಬ ಗಂಡಸು ಬೆನ್ನು ಮಾಡಿ ನಿಂತಿದ್ದ. ಗಾಳಿ ಕೆಡುತ್ತ ಬಂತು, ತಲೆ ಸಿಡಿಯಿತು, ಗೋಡೆಗಳಿಂದ ಬೆವರು ಇಳಿಯಿತು. ಎಲ್ಲಿಯಾದರೂ ಒಂದು ಬಾಗಿಲು ಹಾಕಿಕೊಂಡು ಅಳೋಣವೆಂದರೆ ಜಲಾಂತರ್ಗಾಮಿಯಲ್ಲಿ ಅಂಥ ಬಾಗಿಲಿಲ್ಲ.

ನಾಲ್ಕು ಗಂಟೆಯಿರಬಹುದು. ಏನನ್ನೂ ಯೋಚಿಸುವ ಶಕ್ತಿ ಉಳಿಯದಾದಾಗ ನಮ್ಮ ಮನೆಯ ಏಣಿ ಕಣ್ಣಿಗೆ ಬಂತು. ಅಟ್ಟಕ್ಕೆ ಹೋಗುವ ಕಡಿದಾದ ಏಣಿ, ಹದಿಮೂರು ಮೆಟ್ಟಿಲು. ಕೆಳಗೆ ನೀರು, ಮೇಲೆ ಅವಳು ಹತ್ತುತ್ತಿದ್ದಾಳೆ. ಎರಡು ವರ್ಷದ ಮಗು ಎಂದರೆ ಹನ್ನೆರಡು ಕಿಲೋ, ಹೆದರಿದ್ದರೆ ಇನ್ನೂ ಭಾರ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಏಣಿ. ಏಣಿ ಹಿಡಿಯಲು ಒಂದೇ ಕೈ. ಅಲೆ ದಿನಕ್ಕೆರಡು ಸಲ ಬಂದಾಗಲೆಲ್ಲ ಆ ಮಗು ಯಾರ ಕೊರಳು ಹಿಡಿದುಕೊಂಡಿತು? ಯಾರದಾದರೂ ಆಗಿರಲಿ, ಆ ಕೊರಳು ನನಗೆ ಗೊತ್ತಿತ್ತು. ಮಗು ಬಿದ್ದಿದ್ದರೆ ಪಟ್ಟಿಯಲ್ಲಿ ಆ ಅಂಕಿ ಇರುತ್ತಿರಲಿಲ್ಲ. ಅವಳು ಕೈ ಬಿಟ್ಟಿರಲಿಲ್ಲ.

ಸಂಜೆ ಏಳಕ್ಕೆ ಹಡಗು ಹೋಯಿತು. ನಾವು ಮೇಲೆದ್ದಾಗ ಬ್ಯಾಟರಿಯಲ್ಲಿ ಉಳಿದಿದ್ದದ್ದು ನಲವತ್ತು ನಿಮಿಷದ ಕರೆಂಟು. ಬೆಳಿಗ್ಗೆ ಚಾರ್ಜು ನಿಲ್ಲಿಸಿದ್ದರೆ ಅದೂ ಇರುತ್ತಿರಲಿಲ್ಲ. ಆ ಲೆಕ್ಕ ನಾನು ಮಾಡಿದೆ, ಯಾರಿಗೂ ಹೇಳಲಿಲ್ಲ.

*

ಮೇಲಿನ ಮುಚ್ಚಳ ತೆರೆದು ಗಾಳಿ ನುಗ್ಗಿದ ಮೇಲೆ ಎಮಿಲ್ ಬಂದ. ಬಾಗಿಲಲ್ಲೇ ನಿಂತ.

‘ವಯಸ್ಸು ಬರೀದೇ ಇರ್ಬೋದಿತ್ತು ಲೀವನ್. ಪೆನ್ಸಿಲ್ಲು ಅಲ್ಲೇ ನಿಂತ್ಕೊಂಡ್ತು. ಆಮೇಲೆ...’

‘ಕೇಳಿದ್ದು ಬರೆದೆ. ಅಷ್ಟೇ ತಾನೇ ನಾವು ಮಾತಾಡಿದ್ದು.’

‘ಬೈಯೋದಾದ್ರೆ ಬೈದ್ಬಿಡು. ನನ್ ಅಮ್ಮಂದು ಹಿಂಗೆ ಒಂದು ಸಾಲು ಸಿಕ್ಕಿದ್ರೆ, ಜೊತೆಗೆ ಹತ್ತು ಮಗು ಇದ್ರೂ...’

ನಾನು ಅವನನ್ನು ಕೂರಿಸಿದೆ. ಕೇಳಬೇಕಾದ್ದು ಒಂದು ಉಳಿದಿತ್ತು. ‘ಬೇರೆಯವರ ಮಕ್ಕಳಿಗೆಲ್ಲ ಹೆಸರಿದೆಯಲ್ಲ ಹಾಳೇಲಿ. ಇದಕ್ಕೆ ಯಾಕಿಲ್ಲ?’

‘ಓದಿದ್ರು. ಸರಿಯಾಗಿ ಅದೇ ಹೊತ್ತಿಗೆ ಮತ್ತೆ ಬಾಣಲೆ ಸದ್ದು. ಒಂದ್ ನಾಲ್ಕೈದು ಸೆಕೆಂಡು. ಸದ್ದು ನಿಲ್ಲೋ ಹೊತ್ತಿಗೆ ವಯಸ್ಸು ಹೇಳ್ತಿದ್ರು.’

ಸುಟ್ಟ ಅಂಗೈಗೆ ಅಡುಗೆಯವನು ಬೆಣ್ಣೆ ಸವರಿ ಬಟ್ಟೆ ಕಟ್ಟಿದ್ದ. ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಗಂಡೋ ಹೆಣ್ಣೋ ಅದೂ ತಿಳಿಯದಂತೆ ಮಾಡಿದ್ದು ನನ್ನ ಕೈಯೇ.

ಜನವರಿಯಲ್ಲಿ ಫ್ರೀಮ್ಯಾಂಟಲಿಗೆ ಮರಳಿದೆವು. ಜರ್ಮನರಿಂದ ಬಿಡುಗಡೆಯಾದ ಊರುಗಳಿಗೆ ಅಂಚೆ ತೆಗೆದುಕೊಳ್ಳುತ್ತಾರೆಂದು ಕಟ್ಟೆಯ ಕಚೇರಿಯಲ್ಲಿ ಚೀಟಿ ಹಾಕಿದ್ದರು. ಈಗ ಮಾತಿಗೆ ಮಿತಿಯಿಲ್ಲ, ಎಷ್ಟು ಬೇಕಾದರೂ ಬರೆಯಬಹುದು. ನಾವಿಕರ ಕ್ಯಾಂಟೀನಿನಲ್ಲಿ ಮೂರು ಹಾಳೆ ಹರಿದೆ. ಬಾರೆಂಡ್ ಎದುರಿಗೆ ಕುರಿಮಾಂಸದ ತಟ್ಟೆ ಇಟ್ಟುಕೊಂಡು ನೋಡುತ್ತಿದ್ದ.

‘ಪಾದ್ರಿ, ಭಾಷಣ ಬರೀಬೇಡ ಮಾರಾಯ,’ ಎಂದ. ಎರಡು ಮೇಜು ಆಚೆಯವರು ತಿರುಗಿ ನೋಡಿದರು. ‘ಅವಳಿಗೂ ಸಾಕಷ್ಟು ನೀರು ಬಂದು ಹೋಗಿದೆ.’

‘ಮತ್ತೇನು ಬರೀಲೋ?’

‘ನಿಂಗೇನು ಗೊತ್ತಿಲ್ವೋ ಅದು ಕೇಳು.’ ಮಾಂಸ ಬಾಯಿಗಿಟ್ಟುಕೊಂಡ.

ಗೊತ್ತಿಲ್ಲದ್ದು ಬಹಳವಿತ್ತು. ಕೆಲವನ್ನು ಕೇಳಲು ಇನ್ನೂ ನನ್ನಲ್ಲಿ ಬಲವಿರಲಿಲ್ಲ. ಇಂದಿಗೂ ಕೆಲವನ್ನು ಕೇಳಿಲ್ಲ. ನಾಲ್ಕನೆಯ ಹಾಳೆ ತೆಗೆದುಕೊಂಡೆ. ಕೈ ಪೂರ್ತಿ ಮಾಗಿರಲಿಲ್ಲ, ಅಕ್ಷರಗಳು ದೊಡ್ಡದಾಗಿ ಸೊಟ್ಟಗೆ ಬಂದವು.

‘ತನ್ನೆಕೆ, ನೀನು ದಾಟಿ ಬಂದದ್ದು ರೇಡಿಯೋದಲ್ಲಿ ಕೇಳಿ ತಿಳಿಯಿತು. ನಾನು ಬದುಕಿದ್ದೇನೆ. ಜೊತೆಗಿರುವ ಮಗುವಿನ ಹೆಸರು ಓದಿದಾಗ ನಮ್ಮ ಕಡೆ ಗದ್ದಲವಿತ್ತು, ಕೇಳಿಸಲಿಲ್ಲ. ಏನೆಂದು ಕರೆಯುತ್ತೀಯೋ ಬರೆದು ತಿಳಿಸು. ಇಲ್ಲಿ ಒಳ್ಳೆಯ ಉಣ್ಣೆಯ ಕಾಲುಚೀಲ ಸಿಗುತ್ತದೆ. ಅದರ ಕಾಲಿನ ಅಳತೆಯನ್ನು ಒಂದು ದಾರದಲ್ಲಿ ಹಿಡಿದು ಕಾಗದದೊಳಗೆ ಇಟ್ಟು ಕಳಿಸು.’